ಪೊಟ್ಯಾಶ್‌ನ ಜಮಾ-ಖರ್ಚು: ವರ್ಷಗಟ್ಟಲೆ ಗೊಬ್ಬರ ಉಂಡ ಎರೆ ಹೊಲವನ್ನು ಅಳೆಯುವ ಬಗೆ

ಪುಣೆಯಲ್ಲಿರುವ ನಮ್ಮ ಕನ್ನಡದ ಮಂದಿಯಲ್ಲಿ ಹೊಲದ ನಂಟು ಬಿಡದವರು ಬಹಳ. ಹಡಪ್ಸರ, ಭೋಸರಿ, ಪಿಂಪ್ರಿ ಕಡೆ ದುಡಿಯುತ್ತ, ಇಂಡಿ, ಅಥಣಿ, ಜಮಖಂಡಿಯಲ್ಲಿ ಅಪ್ಪನ ಕಾಲದ ಎರೆ ಹೊಲ ಉಳಿಸಿಕೊಂಡವರು ಒಂದು ಕಡೆ. ದೌಂಡ್, ಇಂದಾಪುರ, ಬಾರಾಮತಿ ಭಾಗದಲ್ಲಿ ಎರಡು ಮೂರು ಎಕರೆ ಕೊಂಡೋ ಲಾವಣಿಗೆ ಹಿಡಿದೋ ಕಬ್ಬು ಹಚ್ಚಿದವರು ಇನ್ನೊಂದು ಕಡೆ. ಈ ಬರಹ ಇಬ್ಬರಿಗೂ ಸಲ್ಲುತ್ತದೆ, ಯಾಕೆಂದರೆ ಎರಡೂ ಕಡೆಯ ಕಪ್ಪು ಮಣ್ಣು ಹುಟ್ಟಿದ್ದು ಒಂದೇ ಬಗೆಯ ಬಸಾಲ್ಟ್ ಕಲ್ಲಿನಿಂದ. ಎರಡೂ ಕಡೆ ಕಟ್ಟೆಯ ಮೇಲೆ ಕೇಳುವ ಮಾತೂ ಒಂದೇ: "ನಮ್ಮ ಎರಿಗೆ ಪೊಟ್ಯಾಶ್ ಬೇಕಾಗಂಗಿಲ್ಲ ಬಿಡ್ರಿ, ಭೂಮ್ಯಾಗ ಬೇಕಾದಷ್ಟ ಐತಿ."

ಮಳೆ ನಂಬಿ ಬಿಳಿಜೋಳ ಬೆಳೆದು, ಕಣಿಕೆಯನ್ನು ಮನೆಯ ದನಕ್ಕೆ ಹಾಕಿ, ಸಗಣಿ-ಗಂಜಲವನ್ನು ತಿರುಗಿ ಅದೇ ಹೊಲಕ್ಕೆ ಹೊಯ್ಯುತ್ತಿದ್ದ ಕಾಲಕ್ಕೆ ಆ ಮಾತು ಸರಿಯಾಗಿತ್ತು. ನೀರಾವರಿ ಬಂತು, ಯೂರಿಯಾ ಮತ್ತು ಡಿಎಪಿ ಚೀಲ ಬಂದವು, ದನ ಕಡಿಮೆಯಾದವು, ಎಕರೆಗೆ 40 ಟನ್ ಕಬ್ಬು ಗಾಡಿ ಏರಿ ಹೋಗತೊಡಗಿತು. ಇಷ್ಟೆಲ್ಲ ಬದಲಾದ ಮೇಲೂ ಆ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ಹೊಲಕ್ಕೆ ಮಾಡುವ ಅನ್ಯಾಯ. ಮಣ್ಣು ಪರೀಕ್ಷೆಯ ಕಾಗದದಲ್ಲಿ 'ಹೆಚ್ಚು' ಎಂದು ಬರೆದಿದ್ದರೂ ಹೊಲ ಪೊಟ್ಯಾಶ್ ಸಾಲದಲ್ಲಿರಬಹುದು. ಅದು ಗೊತ್ತಾಗಬೇಕಾದರೆ ವರದಿಯ ಪಕ್ಕದಲ್ಲಿ ಜಮಾ-ಖರ್ಚಿನ ವಹಿಯೂ ಇರಬೇಕು. ಎರಡನ್ನೂ ಹೊಂದಿಸಿ ನೋಡುವುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಇಷ್ಟು ತಿಳಿದಿರಲಿ

ಪೊಟ್ಯಾಶ್ ಗೊಬ್ಬರದಿಂದ ಬೆಳೆಗೆ ಸಿಗುವ ಮೂಲವಸ್ತು ಪೊಟ್ಯಾಸಿಯಂ. ಮಣ್ಣಿನಲ್ಲಿ ಅದು ನಾಲ್ಕು ಕಡೆ ಇರುತ್ತದೆ. ಮಣ್ಣಿನ ತೇವದಲ್ಲಿ ಕರಗಿರುವುದು ಬಹಳ ಸ್ವಲ್ಪ. ಬೇರು ನೇರವಾಗಿ ಹೀರುವುದು ಇದನ್ನೇ. ಜೇಡಿ ಕಣಗಳ ಮೈಗೆ ಅಂಟಿಕೊಂಡಿರುವುದು ಎರಡನೆಯದು. ತೇವದಲ್ಲಿ ಕಡಿಮೆಯಾದ ಕೂಡಲೇ ಇಲ್ಲಿಂದ ಬಂದು ತುಂಬುತ್ತದೆ. ಜೇಡಿಯ ಪದರಗಳ ನಡುವೆ ಸಿಕ್ಕಿಕೊಂಡಿರುವುದು ಮೂರನೆಯದು, ಇದು ನಿಧಾನವಾಗಿ ಬಿಟ್ಟುಕೊಡುತ್ತದೆ. ಉಳಿದದ್ದು, ಒಟ್ಟಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನ ಪಾಲು, ಅಭ್ರಕ ಮತ್ತು ಫೆಲ್ಡ್‌ಸ್ಪಾರ್‌ನಂಥ ಖನಿಜಗಳ ಒಳಗೇ ಇರುತ್ತದೆ. ಕಲ್ಲು ಸವೆದು ಅದು ಹೊರಬರಲು ತಲೆಮಾರುಗಳು ಬೇಕು.

ಊಟಕ್ಕೆ ಹೋಲಿಸಿದರೆ ಮೊದಲನೆಯದು ತಾಟಿನಲ್ಲಿರುವ ರೊಟ್ಟಿ, ಎರಡನೆಯದು ಬುಟ್ಟಿಯಲ್ಲಿರುವ ಹಿಟ್ಟು, ಮೂರನೆಯದು ಅಂಗಳದ ಹಗೇವಿನಲ್ಲಿ ಮುಚ್ಚಿಟ್ಟ ಜೋಳ. ಸಾಮಾನ್ಯ ಮಣ್ಣು ಪರೀಕ್ಷೆ ಅಮೋನಿಯಂ ಅಸಿಟೇಟ್ ದ್ರಾವಣದಿಂದ ಅಳೆಯುವುದು ತಾಟು ಮತ್ತು ಬುಟ್ಟಿಯನ್ನು ಮಾತ್ರ. ಹಗೇವು ತೆರೆದು ದಿನಾ ಬುಟ್ಟಿ ತುಂಬಿಸುತ್ತಿದ್ದರೆ ಬುಟ್ಟಿ ತುಂಬಿಯೇ ಕಾಣುತ್ತದೆ, ಹಗೇವು ಎಷ್ಟು ಕೆಳಗಿಳಿದಿದೆ ಎಂದು ಅದು ಹೇಳುವುದಿಲ್ಲ. ಹಲವು ವರ್ಷ ಪೊಟ್ಯಾಶ್ ಇಲ್ಲದೆ ದುಡಿದ ಹೊಲದಲ್ಲೂ ವರದಿಯ ಅಂಕಿ ಅಷ್ಟಾಗಿ ಇಳಿಯದೆ ಇರುವುದಕ್ಕೆ ಕಾರಣ ಇದೇ.

ಇನ್ನೊಂದು ಸಂಗತಿಯನ್ನು ನಮ್ಮವರು ಗಮನಿಸುವುದು ಕಡಿಮೆ. ಗಂಗಾ ಬಯಲಿನ ಮೆಕ್ಕಲು ಮಣ್ಣಿನಲ್ಲಿ ಅಭ್ರಕ ಜಾತಿಯ ಜೇಡಿ ಹೆಚ್ಚು, ಅಲ್ಲಿ ಪದರಗಳ ನಡುವಿನ ದಾಸ್ತಾನು ದೊಡ್ಡದು. ನಮ್ಮ ಬಸಾಲ್ಟ್ ಕಲ್ಲಿನಲ್ಲೇ ಪೊಟ್ಯಾಸಿಯಂ ಕಡಿಮೆ. ಎರೆಯಲ್ಲಿ ಅಂಕಿ ದೊಡ್ಡದಾಗಿ ಬರುವುದು ಅಲ್ಲಿ ಜೇಡಿಯ ಪ್ರಮಾಣ ಹೆಚ್ಚಾಗಿರುವುದರಿಂದ, ಅಂಟಿಕೊಳ್ಳಲು ಜಾಗ ಹೆಚ್ಚಿರುವುದರಿಂದ. ಹಿಂದಿನ ದಾಸ್ತಾನು ಆ ಅಂಕಿಗೆ ತಕ್ಕಷ್ಟು ಆಳವಿಲ್ಲ.

ಇದೆಲ್ಲ ವರ್ಷಾನುವರ್ಷ ಅಳೆದು ನೋಡಿದ ವಿಷಯ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲದ ಪಟ್ಟಿಗಳಿಗೆ 1843ರಿಂದ ಬೇರೆ ಬೇರೆ ಗೊಬ್ಬರ ಹಾಕುತ್ತ ಗೋಧಿ ಬೆಳೆಯುತ್ತಿದ್ದಾರೆ. ಕೊಯಮತ್ತೂರಿನಲ್ಲಿ ಇಂಥ ಕಾಯಂ ಪ್ರಯೋಗ 1909ರಿಂದ ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1970ರಲ್ಲಿ ದೇಶದ ಹಲವು ಕೇಂದ್ರಗಳಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗ ಆರಂಭಿಸಿತು. ಬೆಂಗಳೂರಿನ ಕೆಂಪು ಮಣ್ಣು, ಜಬಲ್‌ಪುರ ಮತ್ತು ಅಕೋಲಾದ ಕಪ್ಪು ಮಣ್ಣು ಈ ಜಾಲದಲ್ಲಿ ಸೇರಿವೆ. ಈ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡದ್ದು ಹೀಗಿದೆ. ಬರೀ ಸಾರಜನಕ, ಅಥವಾ ಸಾರಜನಕ ಮತ್ತು ರಂಜಕ ಮಾತ್ರ ಹಾಕಿದ ಪಟ್ಟಿಗಳಲ್ಲಿ ಪೊಟ್ಯಾಶ್ ಬೇಗ ಬರಿದಾಗುತ್ತದೆ, ಯಾಕೆಂದರೆ ಇಳುವರಿ ಏರಿದಷ್ಟೂ ಬೆಳೆ ಹೊತ್ತೊಯ್ಯುವ ಪೊಟ್ಯಾಶ್ ಏರುತ್ತದೆ, ತಿರುಗಿ ಬರುವುದು ಏನೂ ಇಲ್ಲ. ಶಿಫಾರಸು ಮಾಡಿದಷ್ಟು ಮೂರೂ ಗೊಬ್ಬರ ಹಾಕಿದಲ್ಲೂ ಎಷ್ಟೋ ಕಡೆ ಪೊಟ್ಯಾಶ್ ಲೆಕ್ಕ ಕೊರತೆಯಲ್ಲೇ ಮುಗಿಯುತ್ತದೆ. ಮೂರೂ ಗೊಬ್ಬರದ ಜತೆ ಕೊಟ್ಟಿಗೆ ಗೊಬ್ಬರ ಬಿದ್ದ ಪಟ್ಟಿಯೇ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಕಪ್ಪು ಮಣ್ಣು ಕೆಂಪು ಮಣ್ಣಿಗಿಂತ ಹೆಚ್ಚು ವರ್ಷ ತಾಳಿಕೊಳ್ಳುತ್ತದೆ. ಈ ತಾಳಿಕೆಯೇ ನಮ್ಮನ್ನು ಮೈಮರೆಸಿದೆ.

ಹಂತ 1: ಹೊಲದ ಚರಿತ್ರೆ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ತುಂಡಿಗೂ ಒಂದು ಹಾಳೆ. ಹಿಂದಿನ ಹತ್ತು ವರ್ಷಗಳಲ್ಲಿ ಯಾವ ಬೆಳೆ, ಅಂದಾಜು ಇಳುವರಿ ಎಷ್ಟು, ಯಾವ ಚೀಲ ಎಷ್ಟು, ತಿಪ್ಪೆಗೊಬ್ಬರ ಎಷ್ಟು ಟ್ರಾಲಿ, ರವದಿ (ಕಬ್ಬಿನ ಒಣ ಎಲೆ) ಸುಟ್ಟಿದ್ದೋ ಉಳಿಸಿದ್ದೋ, ಕಣಿಕೆ ಮಾರಿದ್ದೋ ಮೇಯಿಸಿದ್ದೋ, ನೀರು ಎಲ್ಲಿಯದು, ಇಷ್ಟನ್ನೂ ಬರೆಯಿರಿ. ನಿಮಗೆ ನೆನಪಿಲ್ಲದಿದ್ದರೆ ಊರಲ್ಲಿ ಹೊಲ ನೋಡಿಕೊಳ್ಳುವ ಕಾಕಾನನ್ನೋ ಅಣ್ಣನನ್ನೋ ಕೇಳಿ. ಕಾರ್ಖಾನೆಯ ತೂಕದ ಚೀಟಿ ಮತ್ತು ಅಂಗಡಿಯ ಬಿಲ್ಲು ಸಿಕ್ಕರೆ ಇನ್ನೂ ಒಳ್ಳೆಯದು.

ಇಲ್ಲಿ ಒಂದು ಪ್ರಶ್ನೆಯನ್ನು ಬಿಡಬೇಡಿ: ಹಾಕಿದ ಚೀಲದಲ್ಲಿ ಪೊಟ್ಯಾಶ್ ಇತ್ತೇ? "ವರ್ಷಾ ಗೊಬ್ಬರ ಹಾಕೇವಲ್ರೀ" ಎನ್ನುವ ಎಷ್ಟೋ ಮನೆಗಳಲ್ಲಿ ಹಾಕಿದ್ದು ಯೂರಿಯಾ ಮತ್ತು ಡಿಎಪಿ. ಚೀಲದ ಮೇಲಿನ ಮೂರು ಅಂಕಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್ ನೂರಕ್ಕೆ ಎಷ್ಟೆಂದು ಹೇಳುತ್ತವೆ. ಡಿಎಪಿ ಎಂದರೆ 18:46:0, ಕೊನೆಯ ಅಂಕಿ ಸೊನ್ನೆ. 20:20:0:13 ಚೀಲದಲ್ಲೂ ಮೂರನೆಯ ಅಂಕಿ ಸೊನ್ನೆಯೇ, 13 ಗಂಧಕದ್ದು. ಪೊಟ್ಯಾಶ್ ಇರುವುದು 10:26:26, 12:32:16, 19:19:19 ಇಂಥವುಗಳಲ್ಲಿ, ಮತ್ತು ಕೆಂಪು ಅಥವಾ ಬಿಳಿ ಬಣ್ಣದ ಮ್ಯೂರಿಯೇಟ್ ಆಫ್ ಪೊಟ್ಯಾಶ್‌ನಲ್ಲಿ. ಎಂಒಪಿ ಎಂದು ಅಂಗಡಿಯಲ್ಲಿ ಕೇಳುವ ಇದರಲ್ಲಿ ನೂರಕ್ಕೆ 60 ಪೊಟ್ಯಾಶ್.

ಹಂತ 2: ಮಣ್ಣು ತೆಗೆಯುವುದು

ಅರ್ಧ ಕಿಲೋ ಮಣ್ಣು ಇಡೀ ಎಕರೆಯ ಪರವಾಗಿ ಮಾತಾಡಬೇಕು. ಅದಕ್ಕೇ ಈ ಹಂತದಲ್ಲಿ ಅವಸರ ಬೇಡ.

ಬೆಳೆ ಕಟಾವಾಗಿ, ಮುಂದಿನ ಗೊಬ್ಬರ ಬೀಳುವ ಮೊದಲು ಮಣ್ಣು ತೆಗೆಯಿರಿ. ಗೊಬ್ಬರ ಹಾಕಿ ಎರಡು ಮೂರು ತಿಂಗಳು ಕಳೆದಿರಲಿ. ಮಣ್ಣಿನ ತೇವ ಮತ್ತು ಋತು ಬದಲಾದಂತೆ ಪೊಟ್ಯಾಸಿಯಂ ಅಂಕಿಯೂ ಬದಲಾಗುವುದರಿಂದ ಪ್ರತಿ ಸಲ ಅದೇ ಋತುವಿನಲ್ಲಿ ತೆಗೆದರೆ ಮಾತ್ರ ಹಳೆಯ ವರದಿಗೆ ಹೋಲಿಸಬಹುದು. ಬದು, ಗಿಡದ ನೆರಳು, ತಿಪ್ಪೆ ಇದ್ದ ಜಾಗ, ರವದಿ ಸುಟ್ಟ ಗುರುತು, ಕಾಲುವೆಯ ಅಂಚು ಇವನ್ನು ಬಿಟ್ಟುಬಿಡಿ. ಸುಟ್ಟ ಜಾಗದ ಬೂದಿಯಲ್ಲಿ ಪೊಟ್ಯಾಶ್ ಇರುವುದರಿಂದ ಅಲ್ಲಿನ ಒಂದು ಹಿಡಿ ಸೇರಿದರೂ ಇಡೀ ಅಂಕಿ ಕೆಡುತ್ತದೆ.

ಎಕರೆಗೆ ಹತ್ತು ಹದಿನೈದು ಕಡೆ, ಹಾವು ಹರಿದಂತೆ ಅಂಕುಡೊಂಕಾಗಿ ನಡೆಯುತ್ತ ಗುರುತು ಹಾಕಿಕೊಳ್ಳಿ. ಮೇಲಿನ ಕಸ-ಕಡ್ಡಿ ಸರಿಸಿ, ಸಲಿಕೆಯಿಂದ 'ವಿ' ಆಕಾರದ ಗುಂಡಿ ತೋಡಿ. ಆಳ 15ರಿಂದ 20 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಆಮೇಲೆ ಗುಂಡಿಯ ಒಂದು ಗೋಡೆಯನ್ನು ಮೇಲಿನಿಂದ ತಳದವರೆಗೆ ಒಂದೇ ದಪ್ಪದಲ್ಲಿ, ಎರಡು ಬೆರಳಿನಷ್ಟು, ಕೆತ್ತಿ ತೆಗೆಯಿರಿ. ಮೇಲೆ ದಪ್ಪ ಕೆಳಗೆ ತೆಳು ಆದರೆ ಮೇಲ್ಮಣ್ಣಿನ ಪಾಲು ಹೆಚ್ಚಾಗಿ ಅಂಕಿ ಉಬ್ಬುತ್ತದೆ. ಬೇಸಿಗೆಯಲ್ಲಿ ಎರೆ ಬಿರಿದಾಗ ಬಿರುಕಿನ ಬಾಯಲ್ಲಿ ಗುಂಡಿ ತೋಡಬೇಡಿ, ಮೇಲಿನ ಮಣ್ಣು ಅದರೊಳಗೆ ಜಾರಿ ಆಳಕ್ಕೆ ಇಳಿದಿರುತ್ತದೆ. ಡ್ರಿಪ್ ಇದ್ದರೆ ಗೊಬ್ಬರ ಬೀಳುವುದು ನಳಿಕೆಯ ಸಾಲಿನಲ್ಲೇ. ಆ ತೇವದ ಪಟ್ಟಿಯ ಮಣ್ಣು ಒಂದು ಮಾದರಿ, ಸಾಲಿನ ನಡುವಿನ ಮಣ್ಣು ಇನ್ನೊಂದು ಮಾದರಿ. ಎರಡನ್ನೂ ಕಲೆಸಬೇಡಿ.

ಎಲ್ಲ ಗುಂಡಿಯ ಮಣ್ಣನ್ನೂ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ, ಹೆಂಟೆ ಒಡೆದು, ಸ್ವಚ್ಛ ಬಟ್ಟೆಯ ಮೇಲೆ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ಒಣಗಿಸುವುದು ನೆರಳಿನಲ್ಲಿ, ಕಾದ ತಗಡಿನ ಮೇಲೆ ಬಿಸಿಲಿಗೆ ಇಟ್ಟರೆ ಪೊಟ್ಯಾಸಿಯಂ ಒಂದು ರೂಪದಿಂದ ಇನ್ನೊಂದಕ್ಕೆ ಸರಿದು ಅಂಕಿ ತಪ್ಪಾಗುತ್ತದೆ. ಮುಖ್ಯವಾದ ಮಾತು: ಹಳೆಯ ಗೊಬ್ಬರದ ಚೀಲವನ್ನು ಈ ಕೆಲಸದಲ್ಲಿ ಎಲ್ಲಿಯೂ ಬಳಸಬೇಡಿ. ಹೊಲದಲ್ಲಿ ಕೈಗೆ ಸಿಗುವುದು ಅದೇ, ಅದರ ಹೊಲಿಗೆಯಲ್ಲಿ ಉಳಿದ ನಾಲ್ಕು ಹರಳು ಸಾಕು ಪರೀಕ್ಷೆ ಹಾಳಾಗಲು.

ಇದರ ಜತೆಗೆ ಎರಡನೆಯ ಪದರದ ಮಣ್ಣನ್ನೂ, ಅಂದರೆ 20ರಿಂದ 40 ಸೆಂಟಿಮೀಟರ್ ಆಳದ್ದನ್ನು, ಬೇರೆಯಾಗಿ ತೆಗೆಯಿರಿ. ಮೇಲೆ ಗೊಬ್ಬರ ಬಿದ್ದು ಅಂಕಿ ಚೆನ್ನಾಗಿದ್ದರೂ ಕೆಳಗಿನ ಪದರವನ್ನು ಬೇರು ವರ್ಷಗಟ್ಟಲೆ ಹೀರಿ ಬರಿದು ಮಾಡಿರಬಹುದು. ಎರೆಯಲ್ಲಿ ಪೊಟ್ಯಾಶ್ ಬೇಗ ಕೆಳಗಿಳಿಯುವುದಿಲ್ಲವಾದ್ದರಿಂದ ಈ ಅಂತರ ಹಾಗೇ ಉಳಿಯುತ್ತದೆ.

ಪುಣೆಯ ಸುತ್ತ ಇರುವವರಿಗೆ ಶಿವಾಜಿನಗರದ ಕೃಷಿ ಕಾಲೇಜು, ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್, ಬಾರಾಮತಿಯ ಕೃಷಿ ವಿಜ್ಞಾನ ಕೇಂದ್ರ ಕೈಗೆಟಕುವ ದೂರದಲ್ಲಿವೆ. ಊರಿನ ಹೊಲದ ಮಣ್ಣನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ಮೊದಲೇ ಫೋನ್ ಮಾಡಿ ಹೋಗಿ, ಒಮ್ಮೆ ಹಿಡಿದ ಪ್ರಯೋಗಾಲಯವನ್ನು ಬಿಡಬೇಡಿ. ಕುದಿಯುವ ನೈಟ್ರಿಕ್ ಆಮ್ಲದಿಂದ ಪದರಗಳ ನಡುವಿನ ಪೊಟ್ಯಾಸಿಯಂ ತೆಗೆದು ಅಳೆಯುವ ಪರೀಕ್ಷೆ ಒಂದಿದೆ. ಎಲ್ಲ ಕಡೆ ಮಾಡುವುದಿಲ್ಲ, ಮಾಡುತ್ತಾರೆಯೇ ಎಂದು ಕೇಳಿ. ಮಾಡುವುದಾದರೆ ಐದಾರು ವರ್ಷಕ್ಕೊಮ್ಮೆ ಆದರೂ ಮಾಡಿಸಿ. ಹಗೇವಿನ ಒಳಗೆ ಇಣುಕಲು ಅದೊಂದು ದಾರಿ.

ಹಂತ 3: ವರದಿ ಓದುವುದು

ಮಹಾರಾಷ್ಟ್ರದ ವರದಿ ಮರಾಠಿಯಲ್ಲಿರುತ್ತದೆ. ನತ್ರ ಎಂದರೆ ಸಾರಜನಕ, ಸ್ಫುರದ ಎಂದರೆ ರಂಜಕ, ಪಾಲಾಶ ಎಂದರೆ ಪೊಟ್ಯಾಶ್. ಪಾಲಾಶದ ಸಾಲಿಗೆ ಬಂದು ಮೊದಲು ನೋಡಬೇಕಾದ್ದು ಅಂಕಿಯನ್ನಲ್ಲ, ಅದರ ಅಳತೆಯನ್ನು. ಹೆಕ್ಟೇರಿಗೆ ಕಿಲೋ ಲೆಕ್ಕವೋ, ಪಿಪಿಎಂ (ಮಣ್ಣಿನ ಕಿಲೋಗೆ ಮಿಲಿಗ್ರಾಂ) ಲೆಕ್ಕವೋ? ಮೂಲವಸ್ತು ಪೊಟ್ಯಾಸಿಯಂ ಲೆಕ್ಕವೋ, ಚೀಲದ ಮೇಲೆ ಬರೆಯುವ ಕೆ2ಓ (ಪೊಟ್ಯಾಸಿಯಂ ಆಕ್ಸೈಡ್) ಲೆಕ್ಕವೋ? ಪಿಪಿಎಂ ಅಂಕಿಯನ್ನು 2.24ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ ಸಿಗುತ್ತದೆ. ಪೊಟ್ಯಾಸಿಯಂ ಅಂಕಿಯನ್ನು 1.2ರಿಂದ ಗುಣಿಸಿದರೆ ಕೆ2ಓ ಸಿಗುತ್ತದೆ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಳಸುವ ಗೆರೆ ಹೆಕ್ಟೇರಿಗೆ 280 ಕಿಲೋ ಪೊಟ್ಯಾಸಿಯಂ. ಅದಕ್ಕಿಂತ ಮೇಲಿದ್ದರೆ 'ಹೆಚ್ಚು', ಸುಮಾರು 120ಕ್ಕಿಂತ ಕೆಳಗಿದ್ದರೆ 'ಕಡಿಮೆ'. ಆ 280 ಕೆ2ಓ ಲೆಕ್ಕದಲ್ಲಿ 336 ಆಗುತ್ತದೆ. ಹಾಗಾಗಿ ಕೆ2ಓ ಲೆಕ್ಕದಲ್ಲಿ 300 ಎಂದು ಬಂದ ವರದಿಯನ್ನು ಪೊಟ್ಯಾಸಿಯಂ ಎಂದು ತಿಳಿದು "ಹೆಚ್ಚೈತಿ" ಎಂದವರ ಹೊಲದಲ್ಲಿ ನಿಜಕ್ಕೂ ಇರುವುದು 250, ಅಂದರೆ ಮಧ್ಯಮ. ಒಂದು ಅಳತೆಯ ಗೊಂದಲದಲ್ಲಿ ವರ್ಷಗಳ ಪೊಟ್ಯಾಶ್ ತಪ್ಪಿಹೋಗುತ್ತದೆ. ಮಹಾರಾಷ್ಟ್ರದಲ್ಲಿ ಮೂರರ ಬದಲು ಆರು ದರ್ಜೆ ಮಾಡಿರುತ್ತಾರೆ, ಆದ್ದರಿಂದ ಎರಡು ರಾಜ್ಯದ ವರದಿ ಪಕ್ಕಪಕ್ಕ ಇಟ್ಟಾಗ ದರ್ಜೆಯ ಹೆಸರನ್ನು ಹೋಲಿಸದೆ ಅಂಕಿಯನ್ನೇ ಹೋಲಿಸಿ.

ಅಳತೆ ಸರಿಯಾದ ಮೇಲೂ ಒಂದು ತೊಡಕು ಉಳಿಯುತ್ತದೆ. 280 ಕಿಲೋ ಎಂದರೆ ಮಣ್ಣಿನ ಕಿಲೋಗೆ 125 ಮಿಲಿಗ್ರಾಂ. ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ ಧನ ಅಯಾನುಗಳನ್ನು, ಅಂದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಧನ ವಿದ್ಯುದಂಶದ ಕಣಗಳನ್ನು, ಹಿಡಿಯುವ ಶಕ್ತಿ (ಸಿಇಸಿ) 10 ಇದ್ದರೆ, ಆ ಜಾಗದಲ್ಲಿ ಪೊಟ್ಯಾಸಿಯಂ ಪಾಲು ನೂರಕ್ಕೆ 3.2. ಭಾರೀ ಎರೆಯಲ್ಲಿ ಆ ಶಕ್ತಿ 50 ಇದ್ದರೆ ಅದೇ 280 ಕಿಲೋದ ಪಾಲು ನೂರಕ್ಕೆ 0.64 ಮಾತ್ರ; ಉಳಿದ ಜಾಗವೆಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿರುತ್ತವೆ. ಕಾಗದದಲ್ಲಿ ಎರಡೂ ಹೊಲ ಸಮ, ಬೇರಿನ ಬಾಯಿಗೆ ಸಿಗುವುದರಲ್ಲಿ ಸಮವಲ್ಲ. ನನ್ನ ಅಭಿಪ್ರಾಯದಲ್ಲಿ ಭಾರೀ ಎರೆಯಲ್ಲಿ ಕಬ್ಬು, ದ್ರಾಕ್ಷಿ, ಬಾಳೆಯಂಥ ಪೊಟ್ಯಾಶ್ ಬೇಡುವ ಬೆಳೆ ಇದ್ದವರು 280ರ ಗೆರೆಯನ್ನು ನಂಬಿ ಕೈಕಟ್ಟಿ ಕೂರಬಾರದು.

ಹಂತ 4: ಜಮಾ-ಖರ್ಚು

ಇದು ಇಡೀ ಕೆಲಸದ ತಿರುಳು. ಒಂದು ಎಕರೆ ಸುರು ಕಬ್ಬನ್ನು (ಚಳಿಗಾಲದ ಕೊನೆಯಲ್ಲಿ ನೆಡುವ, ಸುಮಾರು ವರ್ಷದ ಬೆಳೆ) ಉದಾಹರಣೆಗೆ ಹಿಡಿಯೋಣ, ಇಳುವರಿ 40 ಟನ್. ಎಲ್ಲವನ್ನೂ ಕೆ2ಓ ಲೆಕ್ಕದಲ್ಲೇ ಬರೆಯುತ್ತೇನೆ.

ಖರ್ಚು: 100 ಟನ್ ಕಬ್ಬಿನ ಬೆಳೆ ಮಣ್ಣಿನಿಂದ ಎತ್ತುವ ಪೊಟ್ಯಾಸಿಯಂ ಸುಮಾರು 280 ಕಿಲೋ ಎಂದು ನಮ್ಮ ದೇಶದ ಕಬ್ಬಿನ ಬರಹಗಳಲ್ಲಿ ಹಿಡಿಯುತ್ತಾರೆ. ಹಾಗಾದರೆ 40 ಟನ್ನಿಗೆ 112 ಕಿಲೋ, ಕೆ2ಓ ಲೆಕ್ಕದಲ್ಲಿ ಸುಮಾರು 134. ಮಣ್ಣಿನಲ್ಲಿ ಹೇರಳವಾಗಿದ್ದರೆ ಕಬ್ಬು ಬೇಕಾದ್ದಕ್ಕಿಂತ ಹೆಚ್ಚು ಹೀರುತ್ತದೆ, ಕಡಿಮೆ ಇದ್ದರೆ ಕಡಿಮೆ, ಆದ್ದರಿಂದ ಇದು ಅಂದಾಜು. ರವದಿಯನ್ನು ಹೊಲದಲ್ಲೇ ಉಳಿಸಿದರೆ ಅದರಿಂದ 25 ಕಿಲೋದಷ್ಟು ತಿರುಗಿ ಬರುತ್ತದೆ ಎಂದು ಹಿಡಿಯೋಣ. ನಿಕ್ಕಿ ಹೊರಹೋದದ್ದು 109.

ಜಮಾ: 10:26:26 ಎರಡು ಚೀಲ ಹಾಕಿದರೆ 26 ಕಿಲೋ. ತಿಪ್ಪೆಗೊಬ್ಬರ 4 ಟನ್, ನೂರಕ್ಕೆ ಅರ್ಧದಂತೆ 20 ಕಿಲೋ. ನೀರಿನ ಪಾಲನ್ನು ಯಾರೂ ಬರೆಯುವುದಿಲ್ಲ, ಅದನ್ನೂ ಬರೆಯಿರಿ. ಕಬ್ಬಿಗೆ ವರ್ಷಕ್ಕೆ 2000 ಮಿಲಿಮೀಟರ್ ನೀರು ಹಾಯಿಸಿದರೆ, ಲೀಟರಿಗೆ 1 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೂ ಎಕರೆಗೆ 8 ಕಿಲೋ ಬೀಳುತ್ತದೆ. ನೀರಿನಲ್ಲಿ 2 ಮಿಲಿಗ್ರಾಂ ಇದೆ ಎಂದು ಹಿಡಿದರೆ 16 ಕಿಲೋ ಪೊಟ್ಯಾಸಿಯಂ, ಕೆ2ಓ ಲೆಕ್ಕದಲ್ಲಿ 19. ಮುಳಾ-ಮುಠೆಯಲ್ಲಿ ನಗರದ ನೀರು ಸೇರಿ ಬರುವ ಭಾಗದವರು ನೀರಿನ ಪರೀಕ್ಷೆ ಮಾಡಿಸಲೇಬೇಕು, ಅಲ್ಲಿ ಈ ಪಾಲು ದೊಡ್ಡದಾಗಿರಬಹುದು, ಜತೆಗೆ ಉಪ್ಪಿನ ಅಂಶವೂ ತಿಳಿಯುತ್ತದೆ. ಒಟ್ಟು ಜಮಾ 65.

ಕೊರತೆ ವರ್ಷಕ್ಕೆ ಎಕರೆಗೆ 44 ಕಿಲೋ. ಹತ್ತು ವರ್ಷಕ್ಕೆ 440. ಈಗ ಇದೇ ಹೊಲದ ವರದಿಯಲ್ಲಿ ಹೆಕ್ಟೇರಿಗೆ 400 ಕಿಲೋ ಪೊಟ್ಯಾಸಿಯಂ, ದರ್ಜೆ 'ಹೆಚ್ಚು' ಎಂದಿದೆ ಎನ್ನಿ. ಎಕರೆಗೆ ಅದು 162 ಕಿಲೋ, ಕೆ2ಓ ಲೆಕ್ಕದಲ್ಲಿ 195ರ ಆಸುಪಾಸು. ಹತ್ತು ವರ್ಷದಲ್ಲಿ ಹೋದದ್ದು ವರದಿಯಲ್ಲಿ ಕಾಣುವುದರ ಎರಡು ಪಟ್ಟಿಗೂ ಹೆಚ್ಚು. ಆದರೂ ವರದಿಯ ಅಂಕಿ ಉಳಿದಿದೆಯೆಂದರೆ ಪದರಗಳ ನಡುವಿನಿಂದ, ಕೆಳಗಿನ ಮಣ್ಣಿನಿಂದ ಬಂದು ತುಂಬಿದೆ. ರವದಿ ಸುಟ್ಟು, ತಿಪ್ಪೆಗೊಬ್ಬರ ಇಲ್ಲದೆ, ಬರೀ ಯೂರಿಯಾ-ಡಿಎಪಿಯಲ್ಲಿ ನಡೆದ ಹೊಲದ ಲೆಕ್ಕವನ್ನು ನೀವೇ ಹಾಕಿ ನೋಡಿ.

ಹೀಗೆ ಪದರಗಳು ಬರಿದಾದ ಮೇಲೆ ಇನ್ನೊಂದು ಕಷ್ಟ ಶುರುವಾಗುತ್ತದೆ. ಎಚ್ಚರಾಗಿ ಪೊಟ್ಯಾಶ್ ಹಾಕಿದರೆ ಮಣ್ಣು ಅದರಲ್ಲಿ ಒಂದು ಪಾಲನ್ನು ಮೊದಲು ತನ್ನ ಪದರಕ್ಕೇ ಎಳೆದುಕೊಳ್ಳುತ್ತದೆ. ಬೆಳೆಗೆ ಕೂಡಲೇ ಫಲ ಕಾಣುವುದಿಲ್ಲ, "ಹಾಕಿ ನೋಡಿದೆ, ಏನೂ ಆಗ್ಲಿಲ್ಲ" ಎಂದು ಜನ ಕೈಬಿಡುತ್ತಾರೆ. ಆ ಹೊತ್ತಿನಲ್ಲಿ ಕೈಬಿಡಬಾರದು.

ಜೋಳ, ಗೋಧಿಯ ಲೆಕ್ಕ ಸುಲಭ. ಕಾಳಿನಲ್ಲಿ ಹೋಗುವ ಪೊಟ್ಯಾಶ್ ಸ್ವಲ್ಪ, ಬಹುಪಾಲು ಕಣಿಕೆ ಮತ್ತು ಹೊಟ್ಟಿನಲ್ಲಿ ಇರುತ್ತದೆ. ಕಣಿಕೆ ಮಾರಿದರೆ ಪೊಟ್ಯಾಶ್ ಮಾರಿದಂತೆ, ಮನೆಯ ದನಕ್ಕೆ ಹಾಕಿ ಗಂಜಲ ಸಮೇತ ತಿಪ್ಪೆಗೆ ತಂದರೆ ಉಳಿಸಿದಂತೆ. ಗಂಜಲ ಹರಿದುಹೋಗುವ ಕೊಟ್ಟಿಗೆಯ ಸಗಣಿಗೊಬ್ಬರದಲ್ಲಿ ಪೊಟ್ಯಾಶ್ ಕಡಿಮೆ, ದನ ಹೊರಹಾಕುವ ಪೊಟ್ಯಾಶ್‌ನಲ್ಲಿ ಹೆಚ್ಚಿನದು ಗಂಜಲದಲ್ಲೇ ಇರುವುದು.

ಹಂತ 5: ಹೊಲದಲ್ಲೇ ಒಂದು ಪಟ್ಟಿ

ಕಾಗದದ ಲೆಕ್ಕಕ್ಕೆ ಹೊಲವೇ ಸಾಕ್ಷಿ ಹೇಳಲಿ. ಹೊಲದ ಒಂದೇ ಗುಣದ ಭಾಗದಲ್ಲಿ ನಾಲ್ಕು ನಾಲ್ಕು ಸಾಲಿನ ಮೂರು ಪಟ್ಟಿ ಮಾಡಿ. ಮೊದಲನೆಯದಕ್ಕೆ ಸಾರಜನಕ, ರಂಜಕ ಮಾತ್ರ. ಎರಡನೆಯದಕ್ಕೆ ಅವುಗಳ ಜತೆ ಪೂರ್ತಿ ಪೊಟ್ಯಾಶ್. ಮೂರನೆಯದಕ್ಕೆ ಪೂರ್ತಿ ಪೊಟ್ಯಾಶ್ ಮತ್ತು ತಿಪ್ಪೆಗೊಬ್ಬರ. ಪಟ್ಟಿಯ ನಾಲ್ಕು ಮೂಲೆಗೆ ಕಲ್ಲು ನೆಟ್ಟು ಬಣ್ಣ ಬಳಿಯಿರಿ, ಟ್ರ್ಯಾಕ್ಟರ್‌ನವನಿಗೂ ಗೊಬ್ಬರ ಎರಚುವವರಿಗೂ ತೋರಿಸಿ ಹೇಳಿ. ಕಟಾವಿನಲ್ಲಿ ಅಂಚಿನ ಸಾಲು ಬಿಟ್ಟು ನಡುವಿನ ಎರಡು ಸಾಲನ್ನು ಬೇರೆ ತೂಗಿ ಬರೆಯಿರಿ.

ಪಟ್ಟಿಗಳನ್ನು ಪ್ರತಿ ವರ್ಷ ಅದೇ ಜಾಗದಲ್ಲಿ ಇಡುವುದೇ ಇದರ ಜೀವ. ಮೊದಲ ವರ್ಷ ಎರೆಯಲ್ಲಿ ಬಹುಶಃ ವ್ಯತ್ಯಾಸ ಕಾಣುವುದಿಲ್ಲ. ಕೂಳೆ ಬೆಳೆಯಲ್ಲಿ, ಎರಡನೆಯ ಕೂಳೆಯಲ್ಲಿ ಗಮನಿಸುತ್ತ ಹೋಗಿ: ಕೆಳಗಿನ ಹಳೆಯ ಎಲೆಗಳ ಅಂಚು ತುದಿಯಿಂದ ಸುಟ್ಟಂತೆ ಒಣಗುವುದು, ಎಲೆಯ ನಡುದಿಂಡಿನ ಮೇಲ್ಭಾಗ ಕೆಂಪಾಗುವುದು, ದಂಟು ತೆಳುವಾಗಿ ಕಬ್ಬು ಮಲಗುವುದು. ಎಲೆಯಲ್ಲಿ ಈ ಗುರುತು ಕಾಣುವ ಹೊತ್ತಿಗೆ ಇಳುವರಿ ಆಗಲೇ ಇಳಿದಿರುತ್ತದೆ, ಆದ್ದರಿಂದ ತೂಕದ ಅಂಕಿಯನ್ನು ಎಲೆಗಿಂತ ಹೆಚ್ಚು ನಂಬಿ.

ಹಂತ 6: ಎಷ್ಟು, ಯಾವಾಗ, ಯಾವುದನ್ನು

ಮಹಾರಾಷ್ಟ್ರದಲ್ಲಿ ಸುರು ಕಬ್ಬಿಗೆ ಶಿಫಾರಸು ಹೆಕ್ಟೇರಿಗೆ 250:115:115, ಆಡಸಾಲಿಗೆ (ಮಳೆಗಾಲದಲ್ಲಿ ನೆಡುವ, ಸುಮಾರು ಒಂದೂವರೆ ವರ್ಷದ ಕಬ್ಬು) 400:170:170. ಸುರುವಿನ 115 ಎಂದರೆ ಎಕರೆಗೆ 46 ಕಿಲೋ ಕೆ2ಓ. ಪೂರ್ತಿ ಎಂಒಪಿಯಿಂದಲೇ ಕೊಡುವುದಾದರೆ ಒಂದೂವರೆ ಚೀಲಕ್ಕಿಂತ ಸ್ವಲ್ಪ ಹೆಚ್ಚು. ಅರ್ಧ ನಾಟಿಗೆ, ಅರ್ಧ ದೊಡ್ಡದಾಗಿ ಮಣ್ಣು ಏರಿಸುವಾಗ. ಮೇಲೆ ಎರಚಿ ಬಿಡದೆ ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಿ, ಎರೆಯಲ್ಲಿ ಪೊಟ್ಯಾಶ್ ಬಿದ್ದ ಜಾಗದಿಂದ ಹೆಚ್ಚು ದೂರ ಸರಿಯುವುದಿಲ್ಲ. ಜಮಾ-ಖರ್ಚಿನಲ್ಲಿ ಹಳೆಯ ಕೊರತೆ ದೊಡ್ಡದಿದ್ದರೆ ಅಷ್ಟನ್ನೂ ಒಂದೇ ವರ್ಷ ಸುರಿಯಬೇಡಿ. ಬೆಳೆ ಸುಮ್ಮನೆ ಹೆಚ್ಚು ಹೀರುತ್ತದೆ, ಮೆಗ್ನೀಸಿಯಂ ಕೊರತೆ ಬರುತ್ತದೆ, ಕಬ್ಬಿನ ಹಾಲಿನಲ್ಲಿ ಪೊಟ್ಯಾಸಿಯಂ ಹೆಚ್ಚಾದರೆ ಸಕ್ಕರೆ ಹರಳುಗಟ್ಟಲು ತೊಂದರೆ. ಈ ವರ್ಷ ಹೋಗುವಷ್ಟನ್ನು ಈ ವರ್ಷವೇ ತುಂಬಿ, ಅದರ ಮೇಲೆ ಸ್ವಲ್ಪ ಸೇರಿಸುತ್ತ ಹೋಗಿ, ಮೂರು ವರ್ಷಕ್ಕೊಮ್ಮೆ ಮಣ್ಣು ನೋಡಿ.

ರವದಿಯ ವಿಷಯದಲ್ಲಿ ನಾನು ಹಟ ಹಿಡಿದು ಹೇಳುತ್ತೇನೆ, ಸುಡಬೇಡಿ. ಸಾರಜನಕ ಪೂರ್ತಿ ಹೋಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಶ್ ಗಾಳಿಗೆ, ಮೊದಲ ನೀರಿಗೆ ಚೆದುರುತ್ತದೆ. ಸಾಲು ಬಿಟ್ಟು ಸಾಲಿನಲ್ಲಿ ರವದಿ ಹರಡಿ, ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಹಾಕಿ ನೀರು ಬಿಡಿ. ಎಲೆಯಲ್ಲಿ ಪೊಟ್ಯಾಸಿಯಂ ಯಾವುದಕ್ಕೂ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ, ನೀರು ತಾಗಿದರೆ ಬೇಗ ಬಿಡುತ್ತದೆ, ಆದ್ದರಿಂದ ರವದಿ ಪೂರ್ತಿ ಕೊಳೆಯುವ ಮೊದಲೇ ಈ ಲಾಭ ಸಿಗುತ್ತದೆ.

ಕಾರ್ಖಾನೆಯ ಮಡ್ಡಿಗೊಬ್ಬರದಲ್ಲಿ, ಅಂದರೆ ಪ್ರೆಸ್‌ಮಡ್‌ನಲ್ಲಿ, ರಂಜಕ ಚೆನ್ನಾಗಿದೆ, ಪೊಟ್ಯಾಶ್ ಅಷ್ಟಿಲ್ಲ. ಕಬ್ಬಿನ ಪೊಟ್ಯಾಶ್ ಹಾಲಿನ ಜತೆ ಕಾಕಂಬಿಗೆ, ಅಲ್ಲಿಂದ ಡಿಸ್ಟಿಲರಿಯ ತೊಳೆನೀರಿಗೆ ಹೋಗುತ್ತದೆ. ಆ ತೊಳೆನೀರನ್ನು ಸುಟ್ಟ ಬೂದಿಯಿಂದ ಮಾಡಿದ ಗೊಬ್ಬರ ಪಿಡಿಎಂ ಎಂಬ ಹೆಸರಿನಲ್ಲಿ ಸಿಗುತ್ತದೆ, ಪೊಟ್ಯಾಶ್ ನೂರಕ್ಕೆ 14.5. ನಮ್ಮ ದೇಶಕ್ಕೆ ಎಂಒಪಿ ಪೂರ್ತಿ ಹೊರಗಿನಿಂದಲೇ ಬರುತ್ತದೆ. ನಮ್ಮ ಹೊಲದಿಂದ ಹೋದದ್ದೇ ಚೀಲದಲ್ಲಿ ತಿರುಗಿ ಬರುವ ಈ ದಾರಿ ನನಗೆ ಮೆಚ್ಚುಗೆ. ಒಂದು ಕಿಲೋ ಪೊಟ್ಯಾಶ್‌ಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಎಂಒಪಿ ಜತೆ ಹೋಲಿಸಿ ಕೊಳ್ಳಿ. ಪೊಟ್ಯಾಶ್ ಕರಗಿಸುವ ಜೀವಾಣುವಿನ ಬಾಟಲಿ ಮಾರುವವರು "ಇನ್ನು ಚೀಲ ಬೇಡ" ಎಂದರೆ ನೆನಪಿಡಿ: ಆ ಜೀವಾಣು ಹಗೇವಿನಿಂದ ತೆಗೆದುಕೊಡುತ್ತದೆ, ಹೊಸದಾಗಿ ಒಂದು ಕಾಳನ್ನೂ ತಂದು ಹಾಕುವುದಿಲ್ಲ.

ದ್ರಾಕ್ಷಿಯವರು ಕ್ಲೋರೈಡ್ ತಪ್ಪಿಸಲು ಸಲ್ಫೇಟ್ ಆಫ್ ಪೊಟ್ಯಾಶ್ ಬಳಸಿ, ಡ್ರಿಪ್‌ನಲ್ಲಿ 0:0:50 ಎಂದು ಸಿಗುವುದು ಅದೇ. ಸವಳು ಬಿದ್ದ ಹೊಲದವರಿಗೂ ಇದೇ ಸಲಹೆ. ದ್ರಾಕ್ಷಿಯಲ್ಲಿ ಮಣ್ಣಿಗಿಂತ ಎಲೆತೊಟ್ಟಿನ ಪರೀಕ್ಷೆ ಹೆಚ್ಚು ಹೇಳುತ್ತದೆ. ಮಾಂಜರಿಯಲ್ಲೇ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ, ತೊಟ್ಟು ಯಾವ ಹಂತದಲ್ಲಿ ಕೀಳಬೇಕು ಎಂದು ಕೇಳಿ ಹೋಗಿ. ಮುಳಶಿ, ಮಾವಳ, ಭೋರ್ ಕಡೆ ಭತ್ತದ ಗದ್ದೆ ಮಾಡುವವರ ಮಣ್ಣೇ ಬೇರೆ: ಮಳೆ ಜೋರು, ಹಿಡಿಯುವ ಶಕ್ತಿ ಕಡಿಮೆ, ಅಲ್ಲಿ ಪೊಟ್ಯಾಶ್ ತೊಳೆದುಹೋಗುತ್ತದೆ. ಎರಡು ಮೂರು ಕಂತಿನಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ಹುಲ್ಲನ್ನು ಗದ್ದೆಗೇ ಸೇರಿಸಿ.

ಲಾವಣಿಗೆ ಕೊಟ್ಟವರು, ಹಿಡಿದವರು

ಪುಣೆಯಲ್ಲಿದ್ದುಕೊಂಡು ಹೊಲ ನಡೆಸುವವರಲ್ಲಿ ಲಾವಣಿಯ ವ್ಯವಹಾರವೇ ಹೆಚ್ಚು, ಅಲ್ಲಿ ಪೊಟ್ಯಾಶ್ ಎಲ್ಲರಿಗಿಂತ ಮೊದಲು ಕಳೆದುಹೋಗುತ್ತದೆ. ಮೂರು ವರ್ಷಕ್ಕೆ ಹೊಲ ಹಿಡಿದವರು ಆ ವರ್ಷದ ಬೆಳೆಯಲ್ಲಿ ಕಾಣುವ ಯೂರಿಯಾಗೆ ದುಡ್ಡು ಹಾಕುತ್ತಾರೆ; ಐದನೆಯ ವರ್ಷಕ್ಕೆ ಉಳಿಯುವ ಪೊಟ್ಯಾಶ್‌ಗೆ ಹಾಕಲು ಅವರಿಗೆ ಕಾರಣವಿಲ್ಲ. ಅವರನ್ನು ದೂರಿ ಫಲವಿಲ್ಲ, ಕರಾರಿನಲ್ಲೇ ಬರೆಯಬೇಕು. ಹೊಲ ಕೊಡುವ ಮುಂಚೆ ಇಬ್ಬರೂ ನಿಂತು ಮಣ್ಣು ತೆಗೆದು ವರದಿಯ ಪ್ರತಿ ಒಬ್ಬೊಬ್ಬರು ಇಟ್ಟುಕೊಳ್ಳಿ. ರವದಿ ಸುಡಕೂಡದು, ಕಣಿಕೆ ಹೊರಗೆ ಮಾರಿದರೆ ಅದಕ್ಕೆ ತಕ್ಕ ತಿಪ್ಪೆಗೊಬ್ಬರ ಹಾಕಬೇಕು ಎಂದು ಬರೆಸಿ. ಪೊಟ್ಯಾಶ್ ಮತ್ತು ತಿಪ್ಪೆಗೊಬ್ಬರದ ಖರ್ಚಿನಲ್ಲಿ ಅರ್ಧವನ್ನು ಮಾಲೀಕರೇ ಭರಿಸುವುದು ನ್ಯಾಯ, ಯಾಕೆಂದರೆ ಅದರಲ್ಲಿ ಉಳಿಯುವ ಪಾಲು ಅವರ ಮಣ್ಣಿನಲ್ಲೇ ಉಳಿಯುತ್ತದೆ. ಪಾಲಿಗೆ ಕೊಟ್ಟಿದ್ದರೆ ಚೀಲದ ಬಿಲ್ಲಿನ ಫೋಟೋ ವಾಟ್ಸಾಪಿಗೆ ಕಳಿಸಲು ಹೇಳಿ, ಆ ದಿನವೇ ನೋಟ್‌ಬುಕ್ಕಿನ ಜಮಾ ಕಡೆ ಬರೆದುಕೊಳ್ಳಿ. ಕಟಾವು ಮುಗಿದ ವಾರ ಕಾರ್ಖಾನೆಯ ತೂಕದ ಚೀಟಿ ತರಿಸಿ ಖರ್ಚಿನ ಕಡೆ ಬರೆಯಿರಿ. ಹೊಲ ತಿರುಗಿ ಕೈಗೆ ಬರುವ ತಿಂಗಳು ಅದೇ ಪ್ರಯೋಗಾಲಯಕ್ಕೆ ಎರಡೂ ಆಳದ ಮಣ್ಣು ಮತ್ತೆ ಹೋಗಲಿ.